ಖಳನಾಯಕನಿಲ್ಲದ ಪ್ರೇಮಕಥೆ

ಅಮೆರಿಕದ ನೆಬ್ರಾಸ್ಕಾದ ಹುಲ್ಲುಬಯಲಲ್ಲಿ ನಡೆಯುವ ಒಂದು ಕ್ರೈಸ್ತ ಪ್ರೇಮಕಥೆ ಬರೆದೆ. ಕಾಲ 1873. ಹುಡುಗ ಒಳ್ಳೆಯವನು, ಹುಡುಗಿಯೂ ಒಳ್ಳೆಯವಳು, ಇಬ್ಬರಿಗೂ ದೈವಭಕ್ತಿ. ಹಾಗಿದ್ದ ಮೇಲೆ ಮೂರನೇ ಅಧ್ಯಾಯಕ್ಕೇ ಮದುವೆ ಆಗಿಬಿಡಬೇಕಲ್ವಾ? ತಡೆಯಲು ಸುಮ್ನೆ ಒಬ್ಬ ಕೆಟ್ಟ ಸಾಹುಕಾರನನ್ನು ತರಲು ಮನಸ್ಸು ಒಪ್ಪಲಿಲ್ಲ.

ದಾರಿ ಸಿಕ್ಕಿದ್ದು ಸಾಗುವಳಿ ಮಾಡುವವರಿಗೆ ಸರ್ಕಾರಿ ಜಮೀನು ಕೊಡುತ್ತಿದ್ದ 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ. 21 ತುಂಬಿದ ಒಂಟಿ ಹೆಣ್ಣು ತನ್ನ ಹೆಸರಲ್ಲೇ 160 ಎಕರೆವರೆಗೆ ಪಡೆಯಬಹುದಿತ್ತು. ಐದು ವರ್ಷ ಅಲ್ಲೇ ಇದ್ದು ಸಾಗುವಳಿ ಮಾಡಬೇಕು. ಆದರೆ ಗಂಡ ಹೆಂಡತಿ ಎರಡು ಜಮೀನಿನಲ್ಲಿ ಬೇರೆ ಬೇರೆ ವಾಸ ತೋರಿಸುವಂತಿಲ್ಲ. ನಾಯಕಿಗೊಂದು ಜಮೀನು ಕೊಟ್ಟೆ, ಪಕ್ಕದ್ದು ನಾಯಕನಿಗೆ. ಮದುವೆಯಾದರೆ ಒಬ್ಬರ ನೆಲ ಹೋಯಿತು. ಕಥೆ ತಾನಾಗಿ ಓಡಿತು. ಆ ನೆಲ ಮೊದಲು ಪಾನೀ ಎಂಬ ಮೂಲನಿವಾಸಿ ಜನರದಾಗಿತ್ತು. ಆ ದಶಕದಲ್ಲೇ ಅವರು ಊರು ಬಿಟ್ಟು ದಕ್ಷಿಣಕ್ಕೆ ಹೊರಟರು. ಅದನ್ನು ಬಿಟ್ಟು ಬರೆಯೋದು ನನಗೆ ಸರಿ ಕಾಣಲಿಲ್ಲ. ಅವರ ಬಂಡಿಗಳು ನಾಯಕಿಯ ಹೊಲದ ಪಕ್ಕದಲ್ಲೇ ಹಾದು ಹೋಗುತ್ತವೆ.

ಪ್ರೀತಿಯ ದೃಶ್ಯಕ್ಕೆ ಚಂದ್ರ, ಹೂವು ಬೇಡವೆನಿಸಿತು. ಅಲ್ಲಿ ಮರ ಕಡಿಮೆ. ಹುಲ್ಲುಬೇರಿನ ಸಮೇತ ಮಣ್ಣನ್ನು ಇಟ್ಟಿಗೆಯಂತೆ ಕತ್ತರಿಸಿ ಮನೆ ಕಟ್ಟುತ್ತಿದ್ದರು. ಮಳೆ ಬಂದರೆ ಚಾವಣಿಯಿಂದ ಕೆಸರು ಸುರಿಯುತ್ತಿತ್ತು. ಅವನು ಮನಸ್ಸಿನ ಮಾತು ಹೇಳಲು ಬರುವ ದಿನ ಅವಳು ಒಲೆಯ ಮೇಲೆ ಕೊಡೆ ಹಿಡಿದು ನಿಂತಿರುತ್ತಾಳೆ. ಅವನು ಏನೂ ಹೇಳದೆ ಕೊಡೆ ತಗೊಳ್ಳುತ್ತಾನೆ. ಅವಳು ರೊಟ್ಟಿ ತಿರುವುತ್ತಾಳೆ. ಅಷ್ಟೇ. ಇಡೀ ಪುಸ್ತಕದಲ್ಲಿ ನನಗೆ ಜಾಸ್ತಿ ಇಷ್ಟವಾದ ಪುಟ ಇದು.

ಕಷ್ಟವಾಗಿದ್ದು ಭಕ್ತಿ. ಪ್ರಾರ್ಥಿಸಿದ ಕೂಡಲೇ ಮಳೆ ಸುರಿಸುವ ಕಥೆಗಳನ್ನು ನಾನೇ ನಂಬುವುದಿಲ್ಲ. 1874ರಲ್ಲಿ ಮಿಡತೆಗಳ ಹಿಂಡು ಬಂದು ಮೆಕ್ಕೆಜೋಳದ ಜೊತೆಗೆ ಬಟ್ಟೆಯನ್ನೂ, ಕುದುರೆಯ ಸರಂಜಾಮನ್ನೂ ಕಡಿದು ತಿಂದಿತ್ತು. ಮಿಡತೆ ತಿಂದ ವರ್ಷಗಳನ್ನು ದೇವರು ತುಂಬಿಕೊಡುವ ಮಾತು ಬೈಬಲ್‌ನ ಯೋವೇಲನ ಗ್ರಂಥದಲ್ಲಿದೆ. ಕುದುರೆಯ ಮೇಲೆ ಊರೂರು ಸುತ್ತುವ ಮೆಥಡಿಸ್ಟ್ ಪಂಥದ ಕ್ರೈಸ್ತ ಬೋಧಕ ಅದನ್ನೇ ಓದಲು ಪುಸ್ತಕ ತೆರೆಯುತ್ತಾನೆ. 'ಇವತ್ತು ಬೇಡ ಅಯ್ಯನವರೇ' ಅನ್ನುತ್ತಾಳೆ ಅವಳು. ಅವನು ಪುಸ್ತಕ ಮುಚ್ಚಿ ಸತ್ತ ಮಿಡತೆಗಳನ್ನು ಬಾವಿಯಿಂದ ತೆಗೆಯಲು ಹೋಗುತ್ತಾನೆ. ನನ್ನ ಮಟ್ಟಿಗೆ ಅವನ ಬೋಧನೆ ಅದೇ.

ಮಿಡತೆಯಿಂದ ಬೆಳೆ ಕಳೆದುಕೊಂಡವರು ಕೆಲ ತಿಂಗಳು ಜಮೀನು ಬಿಟ್ಟಿದ್ದರೂ ಹಕ್ಕು ಉಳಿಯುವಂತೆ ಆಗ ಅಮೆರಿಕದ ಕಾಂಗ್ರೆಸ್ ಅವಕಾಶ ಕೊಟ್ಟಿತ್ತು. ನಾಯಕ ಕೂಲಿ ಹುಡುಕಿ ಪೂರ್ವಕ್ಕೆ ಹೊರಡುತ್ತಾನೆ, ಅವಳು ಹೋಗುವುದಿಲ್ಲ. ಎರಡನೇ ಭಾಗ ಇರುವುದು ಅವರ ಕಾಗದಗಳಲ್ಲೇ.