ನಡೆಯುತ್ತಲೇ ಲೆಕ್ಕ: ಲಕ್ವ, ಪಾರ್ಕಿನ್ಸನ್ ಆದವರಿಗೆ ಡ್ಯುಯಲ್ ಟಾಸ್ಕ್ ವ್ಯಾಯಾಮ ಮಾಡಿಸುವ ಬಗೆ

ಹಜಾರದಲ್ಲಿ ನೆಟ್ಟಗೆ ನಡೆದು ತೋರಿಸುವ ಹಿರಿಯರು "ಊಟ ಆಯ್ತಾ?" ಎಂದು ಕೇಳಿದ ಕೂಡಲೇ ನಿಂತುಬಿಡುತ್ತಾರೆ. ಉತ್ತರ ಹೇಳಿ ಮುಗಿಸಿ ಆಮೇಲೆ ಹೆಜ್ಜೆ ಇಡುತ್ತಾರೆ. ಇದನ್ನು ಹಗುರವಾಗಿ ಕಾಣಬಾರದು. ಮಾತಾಡಲೆಂದು ನಡಿಗೆ ನಿಲ್ಲಿಸುವ ವೃದ್ಧರು ಮುಂದಿನ ತಿಂಗಳುಗಳಲ್ಲಿ ಬೀಳುವ ಸಂಭವ ಹೆಚ್ಚು ಎಂದು ಸ್ವೀಡನ್ನಿನ ಸಂಶೋಧಕರು 1997ರಲ್ಲೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಆರೋಗ್ಯವಂತರಲ್ಲಿ ನಡಿಗೆ ಬಹುಪಾಲು ತಾನಾಗಿ ಸಾಗುತ್ತದೆ. ಲಕ್ವ ಹೊಡೆದ ಮೇಲೆ ಅಥವಾ ಪಾರ್ಕಿನ್ಸನ್ ಬಂದ ಮೇಲೆ ಒಂದೊಂದು ಹೆಜ್ಜೆಗೂ ಗಮನ ಬೇಕಾಗುತ್ತದೆ. ಆಗ ಮಾತು, ಲೆಕ್ಕ, ಕೈಯಲ್ಲಿನ ಲೋಟ, ಯಾವುದು ಸೇರಿದರೂ ಕಾಲಿಗೆ ಸಿಗಬೇಕಾದ ಗಮನ ಕಡಿಮೆಯಾಗುತ್ತದೆ. ಕ್ಲಿನಿಕ್ಕಿನ ನಿಶ್ಶಬ್ದದಲ್ಲಿ ಚೆನ್ನಾಗಿ ನಡೆಯುವವರು ಸಂತೆಯಲ್ಲಿ ಎಡವುವುದು ಇದಕ್ಕೇ. ನಡಿಗೆಯಂಥ ಮೈಯ ಕೆಲಸದ ಜೊತೆಗೇ ತಲೆಗೋ ಕೈಗೋ ಇನ್ನೊಂದು ಕೆಲಸ ಕೊಟ್ಟು ರೂಢಿ ಮಾಡಿಸುವುದೇ ಡ್ಯುಯಲ್ ಟಾಸ್ಕ್, ಅಂದರೆ ಜೋಡಿ ಕೆಲಸದ ವ್ಯಾಯಾಮ.

ಕೋಲು ಹಿಡಿದೋ ಹಿಡಿಯದೆಯೋ, ಇನ್ನೊಬ್ಬರ ಆಸರೆಯಿಲ್ಲದೆ ಹತ್ತು ಮೀಟರ್ ನಡೆಯಬಲ್ಲವರಿಗೆ ಮಾತ್ರ ಈ ಅಭ್ಯಾಸವನ್ನು ನಡೆಯುತ್ತಾ ಮಾಡಿಸಿ. ಅಷ್ಟಾಗದವರಿಗೆ ಕುಳಿತಲ್ಲೇ ಶುರು. ನೋಡುತ್ತಿರುವ ಡಾಕ್ಟರು ಅಥವಾ ಫಿಸಿಯೋ ಒಪ್ಪಿದ ಮೇಲೆಯೇ ಮನೆಯಲ್ಲಿ ಕೈಹಾಕಿ.

ಮೊದಲು ಅಳತೆ

ಕೈ ಇರುವ ಕುರ್ಚಿ, ಮೂರು ಮೀಟರ್ ದೂರದಲ್ಲಿ ನೆಲಕ್ಕೆ ಅಂಟಿಸಿದ ಟೇಪು, ಮೊಬೈಲಿನ ಸ್ಟಾಪ್‌ವಾಚು ಸಾಕು. ಎದ್ದು, ಟೇಪಿನವರೆಗೆ ಮಾಮೂಲಿ ವೇಗದಲ್ಲಿ ನಡೆದು, ತಿರುಗಿ ಬಂದು ಕೂರಬೇಕು. ಮೊದಲೊಮ್ಮೆ ರೂಢಿಗೆ, ಆಮೇಲೆ ಎರಡು ಸಲ ಎಣಿಕೆಗೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಪ್ರಕಾರ ಇದಕ್ಕೆ 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆ ಎಂದರ್ಥ.

ಇನ್ನು ತಲೆಯ ಕೆಲಸವನ್ನು ಕುಳಿತೇ ಅಳೆಯಿರಿ: ನೂರರಿಂದ ಮೂರು ಮೂರು ಕಳೆಯುತ್ತಾ 30 ಸೆಕೆಂಡಿನಲ್ಲಿ ಎಷ್ಟು ಸರಿ ಉತ್ತರ ಬರುತ್ತದೆ? ಕೊನೆಗೆ ನಡಿಗೆ, ಲೆಕ್ಕ ಎರಡನ್ನೂ ಒಟ್ಟಿಗೆ ಮಾಡಿಸಿ ಅಳೆಯಿರಿ. ಉದಾಹರಣೆಗೆ, ಬರೀ ನಡಿಗೆಗೆ 14 ಸೆಕೆಂಡು, ಲೆಕ್ಕದ ಜೊತೆ 18 ಎಂದಿಟ್ಟುಕೊಳ್ಳಿ. ಹೆಚ್ಚಾದ ನಾಲ್ಕನ್ನು 14ರಿಂದ ಭಾಗಿಸಿದರೆ ನಡಿಗೆಯಲ್ಲಿ ಶೇ. 29ರಷ್ಟು ನಷ್ಟ. ಕುಳಿತಾಗ 30 ಸೆಕೆಂಡಿಗೆ ಹತ್ತು ಸರಿ ಉತ್ತರ, ಅಂದರೆ ನಿಮಿಷಕ್ಕೆ 20. ನಡೆಯುವಾಗ 18 ಸೆಕೆಂಡಿಗೆ ನಾಲ್ಕು, ಅಂದರೆ ನಿಮಿಷಕ್ಕೆ 13. ಇಲ್ಲಿಯೂ ಮೂರನೇ ಒಂದು ಪಾಲು ಹೋಯಿತು. ಎರಡೂ ಅಂಕಿ ಬೇಕೇ ಬೇಕು. ನಡಿಗೆಯ ಸಮಯವನ್ನಷ್ಟೇ ನೋಡಿ "ಸುಧಾರಿಸಿದ್ದಾರೆ" ಅಂದುಕೊಂಡರೆ, ಅವರು ಲೆಕ್ಕ ಕೈಬಿಟ್ಟು ಸುಮ್ಮನೆ ನಡೆದದ್ದು ತಿಳಿಯುವುದೇ ಇಲ್ಲ.

ತಲೆಗೆ ಯಾವ ಕೆಲಸ?

ಬಹಳಷ್ಟು ಮನೆಗಳಲ್ಲಿ ವ್ಯಾಯಾಮ ಕೆಡುವುದು ಇಲ್ಲೇ. "ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು" ಎಂದು ಮಗ್ಗಿ ಹೇಳಿಸುತ್ತಾರೆ, ಇಲ್ಲವೇ ದೇವರನಾಮ ಹಾಡಿಸುತ್ತಾರೆ. ಬಾಯಿಪಾಠವಾದದ್ದಕ್ಕೆ ತಲೆ ಓಡಬೇಕಿಲ್ಲ, ನಾಲಿಗೆ ತಾನೇ ಹೇಳಿಕೊಂಡು ಹೋಗುತ್ತದೆ. ಹಾಡಿನ ತಾಳವಂತೂ ಹೆಜ್ಜೆಗೆ ಊರುಗೋಲು. ಪಾರ್ಕಿನ್ಸನ್ ಇರುವವರ ಹೆಜ್ಜೆ ಬಿಡಿಸಲು ತಾಳವನ್ನು ಬೇಕೆಂದೇ ಬಳಸುತ್ತಾರೆ. ಅದು ಒಳ್ಳೆಯ ಅಭ್ಯಾಸ, ಆದರೆ ಡ್ಯುಯಲ್ ಟಾಸ್ಕ್ ಅಲ್ಲ.

ತಲೆ ನಿಜವಾಗಿ ಓಡುವ ಕೆಲಸಗಳು ಬೇರೆ. ಕಳೆಯುವ ಲೆಕ್ಕವನ್ನು ಪ್ರತಿ ಸಲ ಬೇರೆ ಸಂಖ್ಯೆಯಿಂದ ಆರಂಭಿಸಿ: ಇವತ್ತು 93, ನಾಳೆ 86. ಯಾವಾಗಲೂ ನೂರರಿಂದಲೇ ಆದರೆ 97, 94, 91 ಎಂಬುದೂ ವಾರದೊಳಗೆ ಬಾಯಿಪಾಠ. ವಾರಗಳನ್ನು ಶನಿಯಿಂದ ಹಿಂದಕ್ಕೆ, ಮಾಸಗಳನ್ನು ಫಾಲ್ಗುಣದಿಂದ ಚೈತ್ರಕ್ಕೆ ಹೇಳಿಸಬಹುದು. "ಹೂಕೋಸು 35 ರೂಪಾಯಿ, ನೂರು ಕೊಟ್ಟೆ, ಚಿಲ್ಲರೆ ಎಷ್ಟು?" ಎಂಬ ಸಂತೆ ಲೆಕ್ಕ ಬಹಳ ಜನಕ್ಕೆ ಹಿಡಿಸುತ್ತದೆ. ತರಕಾರಿ ಹೆಸರು, ಸಾರಿಗೆ ಬೀಳುವ ಸಾಮಾನು, ಊರಿನ ಬಸ್ ರೂಟಿನ ಸ್ಟಾಪುಗಳು ಹೀಗೆ ಒಂದು ಗುಂಪಿನ ಹೆಸರುಗಳನ್ನು ಹೇಳಿಸಿ. ಓದು ಬಲ್ಲವರಾದರೆ 'ಕ'ದಿಂದ ಶುರುವಾಗುವ ಪದಗಳನ್ನು ಕೇಳಬಹುದು. ಓದು ಬರೆಹವಿಲ್ಲದವರಿಗೆ ಅಕ್ಷರದ ಆಟ ಬೇಡ, ಅದರಿಂದ ಮುಜುಗರವೊಂದೇ ಲಾಭ. ನೀವು 'ಹಗಲು' ಎಂದರೆ ಅವರು 'ರಾತ್ರಿ', 'ರಾತ್ರಿ' ಎಂದರೆ 'ಹಗಲು' ಎನ್ನಬೇಕು: ನೋಡಲು ಮಕ್ಕಳಾಟ, ಆದರೆ ಬಾಯಿಗೆ ಬಂದದ್ದನ್ನು ತಡೆಹಿಡಿಯುವ ಕಸರತ್ತು.

ಅವರ ಹಿಂದಿನ ಬದುಕನ್ನೂ ನೋಡಿ. ಕಿರಾಣಿ ಅಂಗಡಿ ನಡೆಸಿದವರಿಗೆ ಚಿಲ್ಲರೆ ಲೆಕ್ಕ ನೀರು ಕುಡಿದಷ್ಟು ಸುಲಭ, ಅವರಿಗೆ ಹೆಸರಿನ ಪಟ್ಟಿಯೇ ಸರಿ. ಲಕ್ವದಿಂದ ಮಾತು ಕಳೆದುಕೊಂಡವರಿಗೆ ಮಾತಿನ ಕೆಲಸ ಕೊಡಬೇಡಿ. ನೀವು ನಿಧಾನವಾಗಿ ಪದಗಳನ್ನು ಹೇಳುತ್ತಾ ಹೋಗಿ, 'ಹಾಲು' ಎಂದಾಗಲೆಲ್ಲ ಅವರು ಸರಿಯಿರುವ ಕೈಯ ಬೆರಳೆತ್ತಲಿ. ಆ ಕೈಯಲ್ಲಿ ಕೋಲಿದ್ದರೆ ತಲೆಯಾಡಿಸಲಿ.

ಎಷ್ಟು ಕಷ್ಟ ಇರಬೇಕು? ನಡಿಗೆಯ ನಷ್ಟ ಶೇ. 10ಕ್ಕಿಂತ ಕಡಿಮೆಯಾದರೆ ಕೆಲಸ ತೀರಾ ಹಗುರ. ಹೆಜ್ಜೆ ನಿಂತೇ ಹೋದರೆ ಅಥವಾ ಐದರಲ್ಲಿ ಮೂರು ಉತ್ತರ ತಪ್ಪಾದರೆ ತೀರಾ ಭಾರ. ಅಭ್ಯಾಸ ಇವೆರಡರ ನಡುವೆ ಇರಲಿ.

ಮೆಟ್ಟಿಲು ಮೆಟ್ಟಿಲಾಗಿ

ವಾರಕ್ಕೆ ಮೂರು ದಿನ, ವಿರಾಮ ಸೇರಿ ದಿನಕ್ಕೆ 20ರಿಂದ 30 ನಿಮಿಷ ಸಾಕು. ಒಂದೊಂದು ಸುತ್ತು 30 ಸೆಕೆಂಡಿನಿಂದ ಎರಡು ನಿಮಿಷ, ನಡುವೆ ಒಂದು ನಿಮಿಷ ಕೂರಿಸಿ. ಪ್ರತಿ ಹಂತವನ್ನೂ ಮೊದಲು ತಲೆಯ ಕೆಲಸವಿಲ್ಲದೆ ಮಾಡಿಸಿ, ಮೈ ಹದಕ್ಕೆ ಬಂದ ಮೇಲೆ ಸೇರಿಸಿ.

ಮೊದಲು ಕುರ್ಚಿಯಲ್ಲಿ ಕುಳಿತು ಮಂಡಿ ಎತ್ತಿ ಇಳಿಸುತ್ತಾ ಹೆಸರಿನ ಪಟ್ಟಿ. ನಂತರ ಅಡುಗೆ ಕಟ್ಟೆಯ ಮುಂದೆ ನಿಂತು, ಬೇಕಾದರೆ ಹಿಡಿಯುವಂತೆ ಕೈ ಹತ್ತಿರವಿಟ್ಟು, ಪಾದ ಜೋಡಿಸಿ. ಅದು ಕೈಗೂಡಿದರೆ ಒಂದು ಪಾದದ ಹಿಮ್ಮಡಿ ಇನ್ನೊಂದರ ಹೆಬ್ಬೆರಳ ಪಕ್ಕಕ್ಕೆ ಬರುವಂತೆ. ಮೂರನೆಯದು ನೇರ ನಡಿಗೆ. ನಾಲ್ಕನೆಯದು ತಿರುಗುವುದು. ತಿರುಗುವುದನ್ನು ಸೇರಿಸಿದ ದಿನ ಲೆಕ್ಕವನ್ನು ಹಗುರ ಮಾಡಿ: ಒಂದು ಸಲಕ್ಕೆ ಒಂದೇ ಕಡೆ ಕಷ್ಟ ಹೆಚ್ಚಬೇಕು. ತಿರುಗುವಾಗ ಹೆಜ್ಜೆ ಎಣಿಸಿ. ಸುಮ್ಮನೆ ನಾಲ್ಕು ಹೆಜ್ಜೆಯಲ್ಲಿ ತಿರುಗುವವರು ಲೆಕ್ಕ ಹೇಳುತ್ತಾ ಏಳೆಂಟು ಪುಟ್ಟ ಹೆಜ್ಜೆ ಇಟ್ಟರೆ ಇನ್ನೂ ಅಲ್ಲೇ ಅಭ್ಯಾಸ ಬೇಕು ಎಂದು ತಿಳಿಯಿರಿ.

ಕೊನೆಯದು ಕೈಕೆಲಸ. ಸ್ಟೀಲ್ ಲೋಟಕ್ಕೆ ಕಂಠದಿಂದ ಎರಡು ಬೆರಳು ಕೆಳಗೆ ತಣ್ಣೀರು ತುಂಬಿ, ಸರಿಯಿರುವ ಕೈಗೆ ಕೊಟ್ಟು ನಡೆಸಿ. ಈಗ ಲೋಟ ಬಿಟ್ಟು ಕಾಲು ನೋಡಿ. ಅವರ ಕಣ್ಣು ನೀರಿಗೆ ಅಂಟಿಕೊಳ್ಳುತ್ತದೆ, ಹೆಜ್ಜೆ ಗಿಡ್ಡವಾಗುತ್ತದೆ, ಲಕ್ವ ಹೊಡೆದ ಕಾಲಿನ ಬೆರಳ ತುದಿ ನೆಲ ಕೆರೆಯತೊಡಗುತ್ತದೆ. ಆ ಸದ್ದು ಕೇಳಿದರೆ ಸುತ್ತು ನಿಲ್ಲಿಸಿ, ನೀರು ಅರ್ಧಕ್ಕಿಳಿಸಿ. ವಾಕರ್ ಅಥವಾ ಕೋಲು ಹಿಡಿದವರಿಗೆ ಲೋಟ ಕೊಡಲೇಬೇಡಿ. ಬಿಸಿ ಕಾಫಿಯಂತೂ ಯಾರಿಗೂ ಬೇಡ.

"ಈ ಸಲ ಕಾಲು, ಈ ಸಲ ಲೆಕ್ಕ"

ಸುಮ್ಮನೆ "ಎರಡೂ ಮಾಡಿ" ಎಂದರೆ ಒಬ್ಬೊಬ್ಬರು ಒಂದೊಂದನ್ನು ಬಿಟ್ಟುಕೊಡುತ್ತಾರೆ. ಕೆಲವರು ಬಾಯಿ ಮುಚ್ಚಿ ಕಾಲು ಉಳಿಸಿಕೊಳ್ಳುತ್ತಾರೆ. ಇದು ಜಾಣತನ. ಪಾರ್ಕಿನ್ಸನ್ ಇರುವ ಎಷ್ಟೋ ಜನ ಉತ್ತರ ಬಿಡದೆ ಹೆಜ್ಜೆ ಬಿಡುತ್ತಾರೆ, ಅಪಾಯ ಅಲ್ಲಿದೆ. ಆದ್ದರಿಂದ ಗಮನ ಎಲ್ಲಿಡಬೇಕೆಂದು ಪ್ರತಿ ಸುತ್ತಿಗೂ ಮೊದಲೇ ಹೇಳಿ: "ಅಪ್ಪಾ, ಈ ಸಲ ಹೆಜ್ಜೆ ಉದ್ದ ಬರಲಿ, ಲೆಕ್ಕ ತಪ್ಪಿದರೂ ಪರವಾಗಿಲ್ಲ." ಮುಂದಿನ ಸುತ್ತಿಗೆ: "ಈಗ ಲೆಕ್ಕ ಸರಿ ಇರಲಿ, ನಿಧಾನ ನಡೆದರೂ ಆಗುತ್ತೆ." ಅರ್ಧ ಸುತ್ತು ಹೀಗೆ, ಅರ್ಧ ಹಾಗೆ. ಸಮತೋಲ ಕುಗ್ಗಿದ ವೃದ್ಧರ ಮೇಲೆ 2009ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಹೀಗೆ ಗಮನ ಬದಲಾಯಿಸುತ್ತಾ ಕಲಿತವರು, ಎರಡಕ್ಕೂ ಸಮ ಗಮನ ಕೊಟ್ಟು ಕಲಿತವರಿಗಿಂತ ಲಾಭವನ್ನು ಹೆಚ್ಚು ಉಳಿಸಿಕೊಂಡರು. ಖರ್ಚಿಲ್ಲದ ಈ ಒಂದು ಮಾತನ್ನು ಬಹಳ ಜನ ಹೇಳುವುದೇ ಇಲ್ಲ.

ಕೆಡುವುದು ಎಲ್ಲಿ

ಜೊತೆಗಿರುವವರು ಲಕ್ವ ಹೊಡೆದ ಕೈ ಹಿಡಿದು ಎಳೆಯುತ್ತಾರೆ. ಸಡಿಲವಾದ ಭುಜಕ್ಕೆ ಅದು ಗಾಯ ಮಾಡುತ್ತದೆ. ಸೊಂಟಕ್ಕೆ ಅಗಲ ಬೆಲ್ಟು ಕಟ್ಟಿ, ದುರ್ಬಲ ಮಗ್ಗುಲಲ್ಲಿ ಅರ್ಧ ಹೆಜ್ಜೆ ಹಿಂದೆ ನಿಂತು, ಬೆಲ್ಟಿನ ಬೆನ್ನಿನ ಕಡೆ ಕೈಯಿಡಿ. ಎದುರಿಗೆ ನಿಂತು ಪ್ರಶ್ನೆ ಕೇಳಿದರೆ ಅವರು ನಿಮ್ಮ ಮುಖ ನೋಡುತ್ತಾ ನಡೆಯುತ್ತಾರೆ. ಉತ್ತರ ತಪ್ಪಿದಾಗ ತಿದ್ದಬೇಡಿ, ಎಣಿಸಿಕೊಂಡು ಸುಮ್ಮನಿರಿ. ತಿದ್ದುವ ಮಾತೂ ಮೂರನೆಯ ಕೆಲಸವೇ. ಓಡುತ್ತಿರುವ ಟಿವಿಯೂ ಅಷ್ಟೇ. ಹಿಂಪಟ್ಟಿ ಇಲ್ಲದ ಹವಾಯಿ ಚಪ್ಪಲಿ, ನೆಲ ಗುಡಿಸುವ ಸೀರೆಯ ಅಂಚು, ಜಾರುವ ಲುಂಗಿ, ಒರೆಸಿ ಇನ್ನೂ ಒಣಗದ ಟೈಲ್ಸು: ಇವನ್ನು ಮೊದಲೇ ಸರಿಮಾಡಿ.

ಪಾರ್ಕಿನ್ಸನ್ನಿಗೆ ಒಂದೆರಡು ಮಾತು ಬೇರೆ. ಲೆವೊಡೋಪಾ ಮಾತ್ರೆ ಕೆಲಸ ಮಾಡುತ್ತಿರುವ ಹೊತ್ತಿನಲ್ಲೇ ಅಭ್ಯಾಸ ಇಡಿ. ಬಾಗಿಲು, ಹೊಸ್ತಿಲು, ಮಂಚ ಗೋಡೆಯ ನಡುವಿನ ಇಕ್ಕಟ್ಟು ಇಂಥ ಕಡೆ ಕಾಲು ನೆಲಕ್ಕೆ ಅಂಟಿದಂತೆ ನಿಲ್ಲುವವರನ್ನು ಅಲ್ಲಿ ಮಾತಾಡಿಸಲೇಬೇಡಿ, ದಾಟಿದ ಮೇಲೆ ಕೇಳಿ. ಪದೇಪದೇ ಬೀಳುವವರಿಗೆ ನಡಿಗೆ ಬೇರೆ, ಕುಳಿತು ಲೆಕ್ಕ ಬೇರೆ ಮಾಡಿಸಿದರೂ ಮೋಸವಿಲ್ಲ. ಬೆಲ್ಜಿಯಂ, ನೆದರ್ಲೆಂಡ್ಸ್‌ಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪಾರ್ಕಿನ್ಸನ್ ಅಧ್ಯಯನದಲ್ಲಿ ಎರಡನ್ನೂ ಒಟ್ಟಿಗೆ ಮಾಡಿದವರು ಮತ್ತು ಬೇರೆ ಬೇರೆಯಾಗಿ ಮಾಡಿದವರು ಹೆಚ್ಚುಕಡಿಮೆ ಒಂದೇ ರೀತಿ ಸುಧಾರಿಸಿದರು.

ಒಂದೇ ದಿನ ಎರಡು ಸಲ ಮುಗ್ಗರಿಸಿದರೆ ಹಿಂದಿನ ಹಂತಕ್ಕೆ ಇಳಿಯಿರಿ. ತಲೆ ಸುತ್ತು, ಎದೆನೋವು, ಮೀರಿದ ಏದುಸಿರು ಕಂಡರೆ ಕೂರಿಸಿ, ಡಾಕ್ಟರಿಗೆ ತಿಳಿಸಿ. ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಹೊಸದಾಗಿ ಕೈಕಾಲು ಸೋಲುವುದು ಕಂಡರೆ ಒಂದು ನಿಮಿಷವೂ ಕಾಯದೆ 108ಕ್ಕೆ ಫೋನ್ ಮಾಡಿ.

ನಾಲ್ಕು ವಾರ ಕಳೆದ ಮೇಲೆ ಅದೇ ಕುರ್ಚಿ, ಅದೇ ಟೇಪು, ಅದೇ ಪಾದರಕ್ಷೆಯಲ್ಲಿ ಮತ್ತೆ ಅಳೆಯಿರಿ. ಒಮ್ಮೆ ಅಭ್ಯಾಸದ ಲೆಕ್ಕದೊಂದಿಗೆ, ಇನ್ನೊಮ್ಮೆ ಅಭ್ಯಾಸದಲ್ಲಿ ಇದುವರೆಗೆ ಮಾಡಿಸದ ಕೆಲಸದೊಂದಿಗೆ. ಆ ಹೊಸ ಕೆಲಸವನ್ನು ಮೊದಲ ದಿನದ ಅಳತೆಯಲ್ಲೇ ಒಮ್ಮೆ ಮಾಡಿಸಿ ಬರೆದಿಟ್ಟಿರಬೇಕು. ಮೊದಲನೆಯದರಲ್ಲಿ ಮಾತ್ರ ನಷ್ಟ ಇಳಿದಿದ್ದರೆ ಅವರು ಕಲಿತದ್ದು ಆ ಲೆಕ್ಕವನ್ನಷ್ಟೇ. ಮುಂದಿನ ತಿಂಗಳು ಕೆಲಸಗಳನ್ನು ದಿನಕ್ಕೊಂದರಂತೆ ಬದಲಿಸಿ.