ಚಿನ್ನದ ಕಣ ಮಾಡುವುದು ಸುಲಭ, ಗಡ್ಡೆಗೆ ತಲುಪಿಸುವುದೇ ಕಷ್ಟ

ಕ್ಯಾನ್ಸರ್‌ಗೆ ಚಿನ್ನದ ನ್ಯಾನೊ ಕಣ ಅಂದ ಕೂಡಲೇ ಎಲ್ಲರೂ ಖರ್ಚು ಎಷ್ಟು ಅಂತ ಕೇಳುತ್ತಾರೆ. ನಮ್ಮ ಲ್ಯಾಬಿನಲ್ಲಿ ಚಿನ್ನಕ್ಕಿಂತ ಇಲಿ ಸಾಕುವುದಕ್ಕೇ ಜಾಸ್ತಿ ದುಡ್ಡು ಹೋಗುತ್ತದೆ.

ಕಣ ಮಾಡಲು ನಾನು ಹಿಡಿದಿರುವುದು 1951ರ ಟರ್ಕೆವಿಚ್ ವಿಧಾನ. ಫ್ಲಾಸ್ಕನ್ನು ಆಕ್ವಾ ರೀಜಿಯಾ ಎಂಬ ಕಟು ಆಮ್ಲ ಮಿಶ್ರಣದಲ್ಲಿ ತೊಳೆದು, ಅದರಲ್ಲಿ ಗೋಲ್ಡ್ ಕ್ಲೋರೈಡ್ ನೀರು ಕುದಿಸಿ, ಕುದಿಯುವಾಗಲೇ ಸೋಡಿಯಂ ಸಿಟ್ರೇಟ್ ಒಂದೇ ಸಲಕ್ಕೆ ಸುರಿಯುತ್ತೇನೆ. ತಿಳಿ ಹಳದಿ ಹೋಗಿ, ಸ್ವಲ್ಪ ಕಪ್ಪಾಗಿ, ಆಮೇಲೆ ದಾಳಿಂಬೆ ರಸದ ಕೆಂಪು ಬರುತ್ತದೆ. ಅಷ್ಟೇ.

ಈಗ ಅದಕ್ಕೆ ಚೂರು ಉಪ್ಪು ಹಾಕಿ ನೋಡಿ. ಕಣಗಳು ಒಂದಕ್ಕೊಂದು ಅಂಟಿಕೊಂಡು ಕೆಂಪು ನೀರು ನೀಲಿಗೆ ತಿರುಗುತ್ತದೆ. ರಕ್ತದಲ್ಲೂ ಉಪ್ಪಿದೆ ಅಲ್ವಾ? ಅದಕ್ಕೇ ಥಯಾಲ್ (ಗಂಧಕವಿರುವ ರಾಸಾಯನಿಕ ಗುಂಪು) ಇರುವ ಪೆಗ್ ಎಂಬ ಪಾಲಿಮರ್ ಹೊದಿಸುತ್ತೇನೆ, ಅದರ ಗಂಧಕ ಚಿನ್ನವನ್ನು ಗಟ್ಟಿಯಾಗಿ ಹಿಡಿಯುತ್ತದೆ. ಆಮೇಲೆ ಪರೀಕ್ಷೆ: ಮತ್ತೆ ಉಪ್ಪು ಹಾಕುವುದು, ನಂತರ ಸೀರಂನಲ್ಲಿ (ರಕ್ತದ ತಿಳಿ ದ್ರವ) ರಾತ್ರಿಯಿಡೀ ಇಡುವುದು. ಬಣ್ಣ ಕೆಡದಿದ್ದರೆ ಮಾತ್ರ ಮುಂದಿನ ಕೆಲಸ.

ಸಿಟಿ ಸ್ಕ್ಯಾನಿಗೆ ಈ ದುಂಡು ಕಣ ಸಾಕು. ಸ್ಕ್ಯಾನಿನಲ್ಲಿ ಸ್ಪಷ್ಟವಾಗಿ ಕಾಣಲೆಂದು ಆಸ್ಪತ್ರೆಯಲ್ಲಿ ಕೊಡುವ ಅಯೋಡಿನ್‌ನ ಪರಮಾಣು ಸಂಖ್ಯೆ 53, ಚಿನ್ನದ್ದು 79, ಹಾಗಾಗಿ ಎಕ್ಸ್‌ರೇಯನ್ನು ಚೆನ್ನಾಗಿ ತಡೆಯುತ್ತದೆ. ಮೂತ್ರದಲ್ಲಿ ಬೇಗ ಹೋಗಿಬಿಡುವುದೂ ಇಲ್ಲ.

ಗಡ್ಡೆ ಸುಡಲು ಮಾತ್ರ ಕಡ್ಡಿ ಆಕಾರದ ಕಣ ಬೇಕು. ಉದ್ದ ಅಗಲದ ನಾಲ್ಕು ಪಟ್ಟು ಇದ್ದರೆ 800 ನ್ಯಾನೊಮೀಟರ್ ಆಸುಪಾಸಿನ ಬೆಳಕನ್ನು ಹೀರಿ ಬಿಸಿಯಾಗುತ್ತದೆ. ಚರ್ಮ ದಾಟಿ ಸ್ವಲ್ಪ ಒಳಗೆ ಹೋಗಬಲ್ಲ ಬೆಳಕು ಅದು, ನಾವು 808ರ ಲೇಸರ್ ಬಳಸುತ್ತೇವೆ. ತಲೆನೋವು ಇರುವುದು ಕಡ್ಡಿ ಬೆಳೆಸಲು ಹಾಕುವ ಸಿಟ್ಯಾಬ್ ಎಂಬ ಸಾಬೂನಿನಂಥ ರಾಸಾಯನಿಕದಲ್ಲಿ. ಅದೇ ಜೀವಕೋಶಕ್ಕೆ ವಿಷ. ಪೂರ್ತಿ ತೊಳೆಯದೆ ಲೇಸರ್ ಹಾಕಿದರೆ ಕೋಶ ಸತ್ತದ್ದು ಬಿಸಿಗೋ ವಿಷಕ್ಕೋ ಹೇಳಲಾಗದು. ಲೇಸರ್ ಇಲ್ಲದ ತಟ್ಟೆ, ಕಣ ಇಲ್ಲದ ತಟ್ಟೆ ಎರಡೂ ಪಕ್ಕದಲ್ಲಿ ಇರಲೇಬೇಕು. ಇವಿಲ್ಲದ ಪೇಪರನ್ನು ನಾನಂತೂ ನಂಬುವುದಿಲ್ಲ.

ಇಲಿಯ ರಕ್ತನಾಳಕ್ಕೆ ಕೊಟ್ಟರೆ ಹೆಚ್ಚಿನ ಪಾಲು ಲಿವರ್ ಮತ್ತು ಗುಲ್ಮಕ್ಕೇ ಹೋಗುತ್ತದೆ. ನಾನಾ ಬಗೆಯ ನ್ಯಾನೊ ಕಣಗಳ ಹತ್ತು ವರ್ಷಗಳ ಪ್ರಯೋಗಗಳನ್ನು ಒಟ್ಟು ಮಾಡಿ 2016ರಲ್ಲಿ ತೆಗೆದ ಲೆಕ್ಕದಲ್ಲಿ, ಕೊಟ್ಟದ್ದರಲ್ಲಿ ಗಡ್ಡೆ ಮುಟ್ಟಿದ್ದು ಮಧ್ಯಾಂಕದಲ್ಲಿ (ಮೀಡಿಯನ್) ಶೇ. 0.7 ಮಾತ್ರ! ನಮ್ಮ ಧಾರವಾಡದ ಕಟ್ಟೇಶ್ ಕಟ್ಟಿ ಅವರ, ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ತಂಡ ವಿಕಿರಣ ಸೂಸುವ ಚಿನ್ನ-198ರ ಕಣಗಳನ್ನು ಇಲಿಯ ಪ್ರಾಸ್ಟೇಟ್ ಗಡ್ಡೆಗೇ ನೇರವಾಗಿ ಚುಚ್ಚಿತು. ಅದರ ಬೀಟಾ ಕಿರಣ ಕೊಲ್ಲುತ್ತದೆ, ಗಾಮಾ ಕಿರಣ ಕ್ಯಾಮೆರಾಕ್ಕೆ ಕಾಣುತ್ತದೆ. ನಾನೂ ಈಗ ಕಡ್ಡಿಗಳನ್ನು ನೇರ ಗಡ್ಡೆಗೇ ಚುಚ್ಚುತ್ತೇನೆ. ಬೇರೆ ಕಡೆ ಹರಡಿದ ಕ್ಯಾನ್ಸರ್‌ಗೆ ಮಾತ್ರ ಈ ದಾರಿ ನಡೆಯುವುದಿಲ್ಲ.