ಗ್ಯಾರೇಜಿನ ನೆಲದ ಮೇಲೆ ಕಟ್ಟಿದ ಹಾಟ್ ರಾಡ್: ನನ್ನ ಅನುಭವ

ನಮ್ಮ ಹಾಟ್ ರಾಡಿಗೆ, ಅಂದರೆ ಭಾರ ಇಳಿಸಿ ದೊಡ್ಡ ಇಂಜಿನ್ನು ಕೂರಿಸಿದ ಹಳೆ ಮಾದರಿಯ ಕಾರಿಗೆ, ಚಕ್ರಗಳ ಅಲೈನ್‌ಮೆಂಟ್ ಮಾಡಿದವನು ಕೈಗಿಟ್ಟ ಚೀಟಿಯನ್ನು ಗ್ಯಾರೇಜಿನ ಗೋಡೆಗೆ ಅಂಟಿಸಿದ್ದೇನೆ. ಎಡಗಡೆಯ ವೀಲ್‌ಬೇಸಿಗೂ (ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕಿರುವ ದೂರ) ಬಲಗಡೆಯದಕ್ಕೂ 1/8 ಇಂಚಿನಷ್ಟೂ ವ್ಯತ್ಯಾಸವಿಲ್ಲ, ಹಿಂದಿನ ಆಕ್ಸಲ್ ನೇರ ಕೂತಿದೆ. "ಚಾಸಿ ಯಾರ ಹತ್ತಿರ ಮಾಡಿಸಿದಿರಿ?" ಎಂದು ಕೇಳಿದ. ಮನೆಯಲ್ಲಿ ನಾವೇ ಕಟ್ಟಿದ್ದು, ಅದೂ ಗ್ಯಾರೇಜಿನ ನೆಲದ ಮೇಲೆ ಅಂದೆ. ಅವನು ಮಾತಾಡದೆ ಹೋಗಿ ಇನ್ನೊಂದು ಸಲ ಕಾರಿನ ಕೆಳಗೆ ಇಣುಕಿ ನೋಡಿ ಬಂದ. ನಾಲ್ಕು ವರ್ಷದ ಕೂಲಿ ನನಗೆ ಅಲ್ಲೇ ಸಿಕ್ಕಿತು.

2019ರಲ್ಲಿ ಕ್ಯಾಲಿಫೋರ್ನಿಯಾದ ಪೊಮೋನಾ ಸ್ವಾಪ್ ಮೀಟಿನಲ್ಲಿ (ಹಳೆ ಕಾರು, ಬಿಡಿಭಾಗಗಳ ಸಂತೆ) ನನ್ನ ಯೋಜನೆ ಕೇಳಿದವರೆಲ್ಲ ಬೇಡ ಅಂದಿದ್ದರು. ಬಿಗಿದು ಹಿಡಿಯುವ ಜಿಗ್ ಟೇಬಲ್ ಇಲ್ಲದೆ ಬೆಸುಗೆ ಹಾಕಿದರೆ ರೇಲುಗಳು (ಚಾಸಿಯ ಎರಡು ಉದ್ದನೆಯ ತೊಲೆಗಳು) ಬಿಲ್ಲಿನ ಹಾಗೆ ಬಾಗುತ್ತವೆ ಎಂಬುದು ಒಂದು ಮಾತು. ಹಿಂಭಾಗ ಅಷ್ಟು ತಗ್ಗಿಸಿದರೆ ಡಿಕ್ಕಿಯಲ್ಲಿ ತೆರೆದುಕೊಳ್ಳುವ ರಂಬಲ್ ಸೀಟಿಗೆ ಜಾಗವೇ ಉಳಿಯುವುದಿಲ್ಲ ಎಂಬುದು ಇನ್ನೊಂದು. ರೆಡಿಮೇಡ್ ಚಾಸಿ ತಗೋ, ಇಬ್ಬರು ಕೂರುವ ಗಾಡಿ ಮಾಡ್ಕೋ ಎಂದರು. ನಮ್ಮ ಮನೆಯಲ್ಲಿ ನಾಲ್ಕು ಜನ. ಇಬ್ಬರನ್ನು ಮನೆಯಲ್ಲಿ ಬಿಟ್ಟು ಹೋಗುವ ಗಾಡಿಗೆ ನಾಲ್ಕು ವರ್ಷ ಸುರಿಯುವುದು ನನಗೆ ಬೇಕಿರಲಿಲ್ಲ. ಹೀಗಾಗಿ 1929ರ ಫೋರ್ಡ್ ಮಾಡೆಲ್ ಎ ರೋಡ್‌ಸ್ಟರ್ (ತೆರೆದ ಕಾರು) ಮಾದರಿಯ ಬಾಡಿ, ಹಿಂದೆ ತೆರೆದುಕೊಳ್ಳುವ ರಂಬಲ್ ಸೀಟು, ಇಷ್ಟಕ್ಕೆ ಪಟ್ಟು ಹಿಡಿದೆ.

ಬಾಡಿ ಫೈಬರ್‌ಗ್ಲಾಸಿನದು. ಯಾರೋ ಅರ್ಧಕ್ಕೆ ಬಿಟ್ಟ ಪ್ರಾಜೆಕ್ಟು, ಸುಮಾರು 1,800 ಡಾಲರಿಗೆ ಸಿಕ್ಕಿತು. ಉಕ್ಕಿನ ಬಾಡಿಯ ಆಸೆ ಇತ್ತು, ಆದರೆ ಅದರ ಬೆಲೆಗೆ ಕಾರಿನ ಉಳಿದ ಭಾಗಕ್ಕೆ ಇಟ್ಟ ಹಣವೆಲ್ಲ ಮುಗಿದುಹೋಗುತ್ತಿತ್ತು.

ನಾನು ಮಾಡಿದ್ದು ಇಷ್ಟೇ: ಕಬ್ಬಿಣ ಮುಟ್ಟುವ ಮೊದಲು ಪ್ಲೈವುಡ್ಡಿನಲ್ಲಿ ಇಡೀ ಕಾರು ಕಟ್ಟಿದೆ. ರೇಲು, ಕ್ರಾಸ್ ಮೆಂಬರ್ (ಅಡ್ಡತೊಲೆ), ಇಂಜಿನ್ನಿನ ಬದಲು ಅದೇ ಅಳತೆಯ ರಟ್ಟಿನ ಡಬ್ಬ, ಆಕ್ಸಲ್ ಬದಲು ಪಿವಿಸಿ ಪೈಪು. ಅದರ ಮೇಲೆ ಬಾಡಿ ಇಟ್ಟು ನಾಲ್ಕೂ ಜನ ಹತ್ತಿ ಕೂತೆವು. ಮಗಳಿಗೆ ಆಗ ಹನ್ನೆರಡು, ಮಗನಿಗೆ ಎಂಟು. ಮಕ್ಕಳು ಬೆಳೆಯುವವರು ಎಂದು ರಂಬಲ್ ಸೀಟಿನಲ್ಲಿ ನನ್ನ ಹೆಂಡತಿಯನ್ನೇ ಅರ್ಧ ಗಂಟೆ ಕೂರಿಸಿದೆ. "ರೀ, ಮಂಡಿ ಎದೆಗೆ ಬರ್ತಿದೆ, ಹೀಗೆ ಹತ್ತು ಮೈಲಿ ಕೂರೋಕೂ ಆಗಲ್ಲ" ಎಂದಳು. ಆ ಒಂದು ಮಾತಿಗೆ ಹಿಂದಿನ ಆಕ್ಸಲ್ ಎರಡೂವರೆ ಇಂಚು ಹಿಂದೆ ಹೋಯಿತು. ಮುಂದೆ ರೇಡಿಯೇಟರ್ ಫ್ಯಾನಿಗೆ ಇನ್ನೆರಡು ಇಂಚು ಬೇಕಾಯಿತು. ಮೂಲ ಮಾಡೆಲ್ ಎ ವೀಲ್‌ಬೇಸ್ 103.5 ಇಂಚು, ನಮ್ಮದು 108 ಆಗಿ ನಿಂತಿತು. ಹಳೆಯ ಗಾಡಿಯಲ್ಲಿ ಪೆಟ್ರೋಲ್ ಟ್ಯಾಂಕು ಡ್ಯಾಶ್‌ಬೋರ್ಡಿನ ಮುಂದೆ, ಮೊಣಕಾಲಿನ ಮೇಲೆಯೇ ಇರುತ್ತಿತ್ತು. ಅದನ್ನು ತೆಗೆದು ಹಿಂದಿನ ಆಕ್ಸಲ್ಲಿನ ಆಚೆ ಇಟ್ಟೆ. ಪ್ಲೈವುಡ್ಡಿಗೆ ಆದ ಖರ್ಚು 200 ಡಾಲರ್ ಇರಬಹುದು. ಅದೇ ತಪ್ಪುಗಳನ್ನು ಉಕ್ಕಿನಲ್ಲಿ ಮಾಡಿದ್ದರೆ ಚಾಸಿ ಎರಡು ಸಲ ಕತ್ತರಿಸಬೇಕಿತ್ತು.

ಇಂಜಿನ್ನು ಎಪ್ಪತ್ತರ ದಶಕದ ಫೋರ್ಡ್ 302 (302 ಘನ ಇಂಚಿನ ವಿ8), ಹಿಂದೆ ಫೋರ್ಡಿನದೇ ಸಿ4 ಆಟೋಮ್ಯಾಟಿಕ್ ಗೇರ್‌ಬಾಕ್ಸು. ಎಲ್ಲರೂ ಶೆವಿ (ಶೆವರ್ಲೆ) 350 ಇಂಜಿನ್ನು ಹಾಕು, ಸಾಮಾನು ಅಗ್ಗ ಎಂದರು. ಶೆವಿಯಲ್ಲಿ ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರ್ ಹಿಂಬದಿಯಲ್ಲಿರುತ್ತದೆ, ಇಂಜಿನ್ನಿಗೂ ಸೀಟಿಗೂ ನಡುವಿನ ಫೈರ್‌ವಾಲ್ ಒಳಕ್ಕೆ ತಗ್ಗಿಸಬೇಕು, ಮುಂದೆ ಕೂತವರ ಕಾಲಿನ ಜಾಗ ಹೋಗುತ್ತದೆ. ಫೋರ್ಡಿನದು ಮುಂಬದಿಯಲ್ಲಿದೆ. ಫೋರ್ಡ್ ಬಾಡಿಗೆ ಫೋರ್ಡ್ ಇಂಜಿನ್ನು ಎಂಬ ಹೆಮ್ಮೆ ಬೇರೆ.

ಚಾಸಿ ಕಟ್ಟುವಾಗ ಅಪ್ಪ ಇದ್ದದ್ದು ನನ್ನ ಪುಣ್ಯ. ಬಸ್ ಡಿಪೋ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ದುಡಿದವರು, ಅಪಘಾತದಲ್ಲಿ ಸೊಟ್ಟಗಾದ ಬಸ್ ಚಾಸಿಗಳನ್ನು ದಾರ, ತೂಗುಗುಂಡು, ರಸಮಟ್ಟ ಇಷ್ಟರಲ್ಲೇ ನೆಟ್ಟಗೆ ಮಾಡಿದವರು. 2019ರ ನವೆಂಬರಿನಲ್ಲಿ ಆರು ತಿಂಗಳಿಗೆಂದು ಊರಿನಿಂದ ಬಂದರು. ಒಳ್ಳೆಯ ಕಾರನ್ನು ಯಾಕೆ ಕತ್ತರಿಸುತ್ತಾರೆ ಎಂದು ಮೊದಲು ಗೊಣಗುತ್ತಿದ್ದರು. ಕ್ಯಾಲಿಫೋರ್ನಿಯಾ ಮರುಭೂಮಿಯ ಎಲ್ ಮಿರಾಜ್ ಒಣಗೆರೆಯ ಮೇಲೆ ಓಟ ನೋಡಲು ಕರೆದುಕೊಂಡು ಹೋದೆ. ಮಡ್‌ಗಾರ್ಡ್ ಕಿತ್ತು, ಭಾರ ಇಳಿಸಿ, ವಿ8 ಕೂರಿಸಿ ಹುಡುಗರು ಓಡಿಸಿದ್ದು ಇಂಥ ನೆಲದ ಮೇಲೆಯೇ, ಆ ಓಟಗಳ ಸಂಘ 1937ರಿಂದ ಇದೆ ಎಂದೆ. ಅವರು ಓಟ ನೋಡಿದ್ದು ಕಡಿಮೆ, ಪ್ರತಿ ಗಾಡಿಯ ಕೆಳಗೆ ಬಗ್ಗಿ ಬೆಸುಗೆ ನೋಡಿದ್ದೇ ಹೆಚ್ಚು. ವಾಪಸ್ ಬರುವಾಗ "ನಾಳೆ ನೆಲ ತೊಳಿರಿ, ಗೆರೆ ಹೊಡಿಯೋಣ" ಎಂದರು. 2020ರ ಮಾರ್ಚಿನಲ್ಲಿ ಕೋವಿಡ್ ಬಂದು ವಿಮಾನಗಳು ನಿಂತವು. ಅವರು ಒಟ್ಟು ಒಂಬತ್ತು ತಿಂಗಳು ಉಳಿದರು. ಚಾಸಿ ಪೂರ್ತಿ ಮುಗಿದದ್ದು ಆಗಲೇ.

ಗ್ಯಾರೇಜಿನ ನೆಲ ಬಾಗಿಲ ಕಡೆಗೆ ಇಳಿಜಾರು, ಮುಕ್ಕಾಲು ಇಂಚಿನಷ್ಟು. ಆರು ಕಡೆ ನೆಲಕ್ಕೆ ಆಂಕರ್ ಬೋಲ್ಟು ಹೊಡೆದು, ಅದರ ಮೇಲೆ ಉಕ್ಕಿನ ಅಡ್ಡಪಟ್ಟಿ ಕೂರಿಸಿ, ಶಿಮ್ಮು (ಎತ್ತರ ಹೊಂದಿಸುವ ತೆಳ್ಳನೆಯ ತಗಡು) ಕೊಟ್ಟು ನೀರುಮಟ್ಟ ಮಾಡಿದೆವು. ಮೇಲೆ ಮಧ್ಯದಲ್ಲಿ ಒಂದು ತಂತಿ ಎಳೆದೆವು. ರೇಲು 2×4 ಇಂಚಿನ ಟ್ಯೂಬು, 3/16 ಇಂಚು ದಪ್ಪ. ಕಾರು ಪೂರ್ತಿ ಜೋಡಣೆಯಾಗಿ, ಇಂಜಿನ್ನು ಕೂತು, ಬಾಗಿಲು ಮುಚ್ಚಿ ತೆರೆಯುವವರೆಗೂ ಟ್ಯಾಕ್ (ಹಿಡಿದಿಡುವಷ್ಟೇ ಚುಕ್ಕೆ ಬೆಸುಗೆ) ಬಿಟ್ಟು ಒಂದು ಇಂಚು ಬೆಸುಗೆಯೂ ಇಲ್ಲ. ಅಪ್ಪನ ಮಾತು: "ಕಬ್ಬಿಣ ಸುಟ್ಟ ಕಡೆಗೇ ಎಳೀತೈತಿ. ಅದು ಎಳೆಯೋದನ್ನ ನೀನು ತಡೀಬ್ಯಾಡ, ಎದುರುಗಡಿಯಿಂದ ಇನ್ನೊಂದು ಎಳಿಸು." ಎರಡೆರಡು ಇಂಚು ಬೆಸುಗೆ, ಕರ್ಣದ ಎದುರು ಮೂಲೆಗೆ ಹಾರುವುದು, ಕೈ ಮುಟ್ಟುವಷ್ಟು ಆರಿದ ಮೇಲೆ ಮುಂದಿನದು. ದಿನಕ್ಕೆ ಒಂದು ಗಂಟೆ ಕೆಲಸ, ಮೂರು ಗಂಟೆ ಕಾಯುವುದು. ಪ್ರತಿ ಸುತ್ತಿಗೂ ಮಗ ಟೇಪು ಹಿಡಿದು ಕರ್ಣದ ಅಳತೆ ಕೂಗುವನು, ಮಗಳು ಗೋಡೆಯ ಮೇಲೆ ಬರೆಯುವಳು. ಕೊನೆಗೆ ಎರಡು ಕರ್ಣಗಳ ನಡುವೆ 1/16 ಇಂಚು ವ್ಯತ್ಯಾಸ. ಹಿಂದಿನ ಕಿಕ್‌ಅಪ್ (ಆಕ್ಸಲ್ಲಿನ ಬಳಿ ರೇಲು ಮೇಲಕ್ಕೇರುವ ಭಾಗ) ಬೆಸೆಯುವಾಗ ಅಪ್ಪ ಮೊದಲೇ ಒಂದು ಶಿಮ್ಮು ಉಲ್ಟಾ ಕಡೆಗೆ ಕೊಟ್ಟು ರೇಲನ್ನು ಬೇಕೆಂದೇ ಬಗ್ಗಿಸಿಟ್ಟಿದ್ದರು, ಆರಿದ ಮೇಲೆ ಅದು ತಾನಾಗಿ ನೇರಕ್ಕೆ ಬಂತು. ಆ ಶಿಮ್ಮಿನ ದಪ್ಪ ಎಷ್ಟು, ಯಾವ ಮೂಲೆಯಿಂದ ಶುರು ಮಾಡಿದೆವು ಎಂಬುದನ್ನು ಮಾತ್ರ ನಾನು ಇಲ್ಲಿ ಬರೆಯುವುದಿಲ್ಲ. ಅದು ಅಪ್ಪನ ಸೊತ್ತು.

ಚಾಸಿಗೆ ಒಟ್ಟು ಆದದ್ದು ಸುಮಾರು 1,600 ಡಾಲರ್, ಗ್ಯಾಸು, ತಂತಿ, ಬ್ರಾಕೆಟ್ ಎಲ್ಲ ಸೇರಿ. ರೆಡಿಮೇಡ್ ಚಾಸಿಗೆ ನನಗೆ ಹೇಳಿದ್ದು ಏಳು ಸಾವಿರದ ಮೇಲೆ.

ಹಿಂದಿನ ಆಕ್ಸಲ್ಲು ಗುಜರಿಯಿಂದ ತಂದ ಫೋರ್ಡ್ ಎಕ್ಸ್‌ಪ್ಲೋರರಿನ 8.8 (ಒಳಗಿನ ದೊಡ್ಡ ಗೇರಿನ ವ್ಯಾಸ 8.8 ಇಂಚು), ಡಿಸ್ಕ್ ಬ್ರೇಕ್ ಸಮೇತ. ಎಡಗಡೆಯ ಟ್ಯೂಬು ಉದ್ದ, ಬಲಗಡೆಯದು ಗಿಡ್ಡ. ಎಡದ್ದನ್ನು ಮೂರು ಇಂಚಿನ ಹತ್ತಿರ ಕತ್ತರಿಸಿ, ಇನ್ನೊಂದು ಎಕ್ಸ್‌ಪ್ಲೋರರಿನ ಬಲಗಡೆ ಶಾಫ್ಟನ್ನೇ ಎಡಕ್ಕೂ ಹಾಕಿದೆ. ಅಗಲ ಕಡಿಮೆಯಾಯಿತು, ಇಂಜಿನ್ ಕಡೆಯ ಶಾಫ್ಟ್ ಬಂದು ಸೇರುವ ಪಿನಿಯನ್ನೂ ಮಧ್ಯಕ್ಕೆ ಬಂತು. ಎರಡನೇ ಶಾಫ್ಟಿಗೆ ಕೊಟ್ಟದ್ದು 40 ಡಾಲರ್.

ಈಗ ಸೋತ ಕಥೆ. ಅತಿ ದೊಡ್ಡ ಪೆಟ್ಟು ಇಂಜಿನ್ನಿನದು. ರೀಬಿಲ್ಡ್ ಮಾಡಿ ಹೊಸ ಫ್ಲಾಟ್ ಟ್ಯಾಪೆಟ್ ಕ್ಯಾಮು (ವಾಲ್ವು ತೆರೆಯುವ ಉಬ್ಬುಗಳಿರುವ ದಂಡ) ಹಾಕಿದ್ದೆ. ಮೊದಲ ಸಲ ಸ್ಟಾರ್ಟ್ ಆದ ಖುಷಿಯಲ್ಲಿ ಮನೆಯವರೆಲ್ಲ ಸುತ್ತ ನಿಂತಿದ್ದರು, ನಾನು ಕಾರ್ಬ್ಯುರೇಟರ್ ತಿರುಗಿಸುತ್ತಾ ಹತ್ತು ನಿಮಿಷ ಐಡಲಿನಲ್ಲೇ ಓಡಿಸಿದೆ. ಈ ಕೆಲಸ ಮಾಡುವವರಿಗೆಲ್ಲ ಗೊತ್ತಿರುವುದೇ: ಹೊಸ ಕ್ಯಾಮಿಗೆ ಎಣ್ಣೆ ಎರಚುವುದು ಕ್ರ್ಯಾಂಕು, ವೇಗ ಇಲ್ಲದಿದ್ದರೆ ಎಣ್ಣೆ ಮೇಲಕ್ಕೆ ಬರುವುದಿಲ್ಲ. ನನಗೂ ಗೊತ್ತಿತ್ತು. ಎಣ್ಣೆಯೂ ಸವೆತ ತಡೆಯುವ ಸತು ಕಡಿಮೆ ಇರುವ ಇಂದಿನ ಕಾರಿನದೇ. ವಾರದೊಳಗೆ ಟಿಕ್ ಟಿಕ್ ಶುರುವಾಯಿತು, ಕ್ಯಾಮಿನ ಎರಡು ಉಬ್ಬು (ಲೋಬು) ಸವೆದು ಬೋಳಾಗಿದ್ದವು, ಲೋಹದ ಪುಡಿ ಬೇರಿಂಗಿಗೆಲ್ಲ ಸೇರಿತ್ತು. ಇಡೀ ಇಂಜಿನ್ನು ಮತ್ತೆ ಬಿಚ್ಚಿದೆ. 1,100 ಡಾಲರ್, ಮೂರು ತಿಂಗಳು. ಎರಡನೇ ಸಲ ಸತು ಹೆಚ್ಚಿರುವ ಬ್ರೇಕ್‌ಇನ್ ಎಣ್ಣೆ ಹಾಕಿ, ಸ್ಟಾರ್ಟ್ ಆದ ಕ್ಷಣವೇ 2,000ದಿಂದ 2,500 ಆರ್‌ಪಿಎಮ್ಮಿಗೆ ಏರಿಸಿ ಇಪ್ಪತ್ತು ನಿಮಿಷ ಹಿಡಿದೆ. ಗಡಿಯಾರ ಹಿಡಿದು ನಿಂತವಳು ಮಗಳು, ನಾನು ಕಾರ್ಬ್ಯುರೇಟರಿನ ಹತ್ತಿರ ಕೈ ಒಯ್ದರೆ ಬಿಡುತ್ತಿರಲಿಲ್ಲ.

ಬ್ರೇಕಿನದು ಇನ್ನೊಂದು ಗೋಳು. ಮಾಸ್ಟರ್ ಸಿಲಿಂಡರ್ ನೆಲಹಾಸಿನ ಕೆಳಗಿರುವುದರಿಂದ ರಾತ್ರಿ ನಿಲ್ಲಿಸಿ ಬೆಳಿಗ್ಗೆ ಪೆಡಲ್ ಒತ್ತಿದರೆ ತಳ ಮುಟ್ಟುತ್ತಿತ್ತು. ಪೈಪಿನಲ್ಲಿ ಸ್ವಲ್ಪ ಒತ್ತಡ ಉಳಿಸುವ ರೆಸಿಡುಯಲ್ ವಾಲ್ವ್ ಬೇಕೆಂದು ತಂದು ಹಾಕಿದೆ, ಮುಂದಿನ ಚಕ್ರ ಹೊಗೆಯಾಡಿತು. ನಾನು ತಂದದ್ದು ಡ್ರಮ್ ಬ್ರೇಕಿನ 10 ಪಿಎಸ್‌ಐ ವಾಲ್ವು, ಡಿಸ್ಕಿಗೆ ಬೇಕಾದದ್ದು 2 ಪಿಎಸ್‌ಐ. ಪೊಟ್ಟಣ ಎಸೆದಿದ್ದೆ, ವಾಲ್ವಿನ ಬಣ್ಣ ನೋಡಿ ಸಾಕು ಅಂದುಕೊಂಡಿದ್ದೆ. ಒಂದು ವಾರ ಕ್ಯಾಲಿಪರ್ ಬಿಚ್ಚಿ ಜೋಡಿಸಿದ್ದೆಲ್ಲ ದಂಡ.

45 ಮೈಲಿ ವೇಗದಲ್ಲಿ ಮುಂದಿನ ಆಕ್ಸಲ್ ಥರಥರ ನಡುಗುತ್ತಿತ್ತು. ಎಲ್ಲರೂ ಹೇಳಿದ್ದು ನಡುಕ ಹೀರುವ ಸ್ಟೀರಿಂಗ್ ಡ್ಯಾಂಪರ್ ಹಾಕು ಎಂದು. ಅದು ರೋಗ ಮುಚ್ಚುವ ಕೆಲಸ, ನನಗೆ ಬೇಡವಾಗಿತ್ತು. ಕ್ಯಾಸ್ಟರ್ (ಮುಂದಿನ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) 5 ಡಿಗ್ರಿ ಇಟ್ಟದ್ದು ಚಾಸಿ ಮಟ್ಟವಾಗಿದ್ದಾಗ. ಹಿಂದೆ ದೊಡ್ಡ ಟಯರು ಬಂದ ಮೇಲೆ ಗಾಡಿ ಮುಂದಕ್ಕೆ ಎರಡು ಡಿಗ್ರಿ ಬಾಗಿ ನಿಂತಿತ್ತು, ಉಳಿದದ್ದು ಮೂರೇ. ಹೇರ್‌ಪಿನ್ (ಮುಂದಿನ ಆಕ್ಸಲನ್ನು ಚಾಸಿಗೆ ಹಿಡಿದಿಡುವ ಸರಳು) ತಿರುಗಿಸಿ ನೆಲದ ಲೆಕ್ಕದಲ್ಲಿ 7ಕ್ಕೆ ತಂದೆ, ಮುಂದಿನ ಪಟ್ಟಿ ಸ್ಪ್ರಿಂಗಿನಿಂದ ಎರಡು ಪಟ್ಟಿ ತೆಗೆದೆ. ಈಗ 65ರಲ್ಲಿ ಡ್ಯಾಂಪರ್ ಇಲ್ಲದೆ ಒಂದೇ ಗೆರೆಯಲ್ಲಿ ಹೋಗುತ್ತದೆ.

ವೈರಿಂಗ್ ಮಗಳದು. ಇಂಡಿಕೇಟರ್ ಮಿನುಗಿದಾಗಲೆಲ್ಲ ಪೆಟ್ರೋಲ್ ಮುಳ್ಳು ಕುಣಿಯುತ್ತಿತ್ತು. ಫೈಬರ್‌ಗ್ಲಾಸಿನಲ್ಲಿ ಕರೆಂಟು ಹರಿಯಲ್ಲವಲ್ಲ, ಎಲ್ಲ ದೀಪಗಳೂ ಒಂದೇ ಸಣ್ಣ ಅರ್ತ್ ತಂತಿಯಲ್ಲಿ ವಾಪಸಾಗುತ್ತಿದ್ದವು. ಪ್ರತಿ ದೀಪಕ್ಕೂ, ಪ್ರತಿ ಮೀಟರಿಗೂ ಬೇರೆ ಅರ್ತ್ ಎಳೆದು ಚಾಸಿಗೆ ಒಂದೇ ಕಡೆ ಕಟ್ಟಿದಳು. ನಾನು ಮೀಟರೇ ಬದಲಿಸಲು ಹೊರಟಿದ್ದೆ.

ನಡುವೆ ಮಗನ ಪ್ರಯೋಗ ಒಂದಿದೆ. ತುಕ್ಕು ಹಿಡಿದ ಬಾಗಿಲ ಹಿಂಜುಗಳನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ವಾಷಿಂಗ್ ಸೋಡಾ ನೀರಿಗಿಳಿಸಿ, ಬ್ಯಾಟರಿ ಚಾರ್ಜರಿನ ಮೈನಸ್ ತುದಿ ಹಿಂಜಿಗೆ, ಪ್ಲಸ್ ತುದಿ ಹಳೆಯ ಕಬ್ಬಿಣದ ತುಂಡಿಗೆ. ರಾತ್ರಿ ಬಿಟ್ಟರೆ ಬೆಳಿಗ್ಗೆ ತುಕ್ಕು ಕಪ್ಪು ಕೆಸರಾಗಿ ಬ್ರಶ್ಶಿಗೇ ಬರುತ್ತದೆ, ಲೋಹ ಒಂದು ಚೂರೂ ಸವೆಯುವುದಿಲ್ಲ. ಜಲಜನಕ ಬರುತ್ತದಾದ್ದರಿಂದ ಬಯಲಲ್ಲೇ ಇಡಬೇಕು, ಪ್ಲಸ್ ತುದಿಗೆ ಸ್ಟೇನ್‌ಲೆಸ್ ಸ್ಟೀಲ್ ಕಟ್ಟಲೇಬಾರದು, ನೀರು ವಿಷವಾಗುತ್ತದೆ. ಅವನಿಗೆ ರುಚಿ ಹತ್ತಿ ಮನೆಯ ಹಳೆ ಬೀಗ, ಅಕ್ಕನ ಸೈಕಲ್ ಚೈನು ಎಲ್ಲ ಮುಳುಗಿಸಿದ. ಚೈನಿನಲ್ಲಿ ಫಲ ಸಿಗಲಿಲ್ಲ, ಒಳಗಿನ ರೋಲರುಗಳಿಗೆ ಕರೆಂಟು ತಲುಪಲಿಲ್ಲ.

ಸೀಟು ಹೊಲಿದವಳು ಹೆಂಡತಿ. ಮನೆಯ ಮಶೀನು ಎರಡನೇ ಮಡಿಕೆಗೇ ಸೂಜಿ ಮುರಿಯಿತು. ಮುಚ್ಚಿದ ಅಂಗಡಿಯೊಂದರ ದಪ್ಪ ಬಟ್ಟೆ ಹೊಲಿಯುವ ವಾಕಿಂಗ್ ಫೂಟ್ ಮಶೀನು 450 ಡಾಲರಿಗೆ ತಂದೆವು, ಹೊರಗೆ ಕೊಟ್ಟಿದ್ದರೆ ಮೂರು ಸಾವಿರ ಕೇಳುತ್ತಿದ್ದರು. ಮೊದಲು ನೈಲಾನ್ ದಾರದಲ್ಲಿ ಹೊಲಿದ ಹಿಂದಿನ ಸೀಟು ಎರಡು ಬೇಸಿಗೆಗೆ ಬಿಚ್ಚಿಕೊಂಡಿತು. ತೆರೆದ ಗಾಡಿಗೆ ಪಾಲಿಯೆಸ್ಟರ್ ದಾರವೇ ಬೇಕು, ಬಿಸಿಲು ತಡೆಯುವುದು ಅದೇ. ರಂಬಲ್ ಸೀಟಿನ ಬೆಲ್ಟುಗಳನ್ನು ಫೈಬರಿಗಲ್ಲ, ಚಾಸಿಗೆ ಬೆಸೆದ ಅಡ್ಡ ಟ್ಯೂಬಿಗೇ ಕಟ್ಟಿದ್ದೇವೆ. ಅದರಲ್ಲಿ ಅವಳು ರಾಜಿಯಾಗಲಿಲ್ಲ, ಸರಿಯಾಗಿಯೇ ಮಾಡಿದಳು.

ಕಾಗದದ ಕೆಲಸಕ್ಕೆ ಒಂದೇ ಮಾತು. ಕ್ಯಾಲಿಫೋರ್ನಿಯಾದಲ್ಲಿ ಮನೆಯಲ್ಲಿ ಕಟ್ಟಿದ ಗಾಡಿಗೆ ಹೊಗೆ ನಿಯಮದಲ್ಲಿ ರಿಯಾಯಿತಿ ಕೊಡುವ ಎಸ್‌ಬಿ 100 ಕಾನೂನಿನ ಕೆಳಗೆ ವರ್ಷಕ್ಕೆ 500 ಸಂಖ್ಯೆ ಮಾತ್ರ. ಜನವರಿಯ ಮೊದಲ ಕೆಲಸದ ದಿನ ಬೆಳಗಿನ ಜಾವವೇ ಹೋಗಿ ಸಾಲಿನಲ್ಲಿ ನಿಂತೆ, ಸಿಕ್ಕಿತು. ಟ್ಯೂಬಿನಿಂದ ಬೋಲ್ಟಿನವರೆಗೆ ಪ್ರತಿ ರಸೀದಿಯನ್ನೂ ಮೊದಲ ದಿನದಿಂದ ಇಟ್ಟುಕೊಳ್ಳಿ. ನಾನು ಎಸೆದ ಕೆಲವಕ್ಕಾಗಿ ಅಲೆದೆ.

ಒಟ್ಟು ಖರ್ಚು ನೆನಪಿನ ಲೆಕ್ಕದಲ್ಲಿ 26 ಸಾವಿರ ಡಾಲರ್. ಅಂದುಕೊಂಡದ್ದು 18. ಹೆಚ್ಚಾದದ್ದರಲ್ಲಿ ಅರ್ಧ ಬಣ್ಣಕ್ಕೆ ಹೋಯಿತು, ಉಳಿದದ್ದು ಕ್ಯಾಮು, ಬ್ರೇಕು ಮತ್ತು ಎರಡು ಸಲ ಕೊಂಡ ರೇಡಿಯೇಟರಿಗೆ.

ಕೆಲಸ ಇನ್ನೂ ಉಳಿದಿದೆ. ಇಂಜಿನ್ನಿನ ಹಿಂದಿನ ಸೀಲಿನಿಂದ ಎಣ್ಣೆ ಜಿನುಗುತ್ತಿದೆ, ಬಲಗಡೆ ಕಾಲಿನ ಹತ್ತಿರ ಶಾಖ ಜಾಸ್ತಿ. ಪ್ಲೈವುಡ್ ಅಚ್ಚುಗಳು ಅಟ್ಟದ ಮೇಲೆ ಹಾಗೇ ಇವೆ, ಗೋಡೆಯ ಮೇಲೆ ಮಗಳು ಬರೆದ ಅಳತೆಗಳನ್ನೂ ಅಳಿಸಿಲ್ಲ. ಮಾಡೆಲ್ ಎ ಕಟ್ಟುವವರು ಯಾರಾದರೂ ಇದ್ದರೆ ಬಂದು ಅಚ್ಚಿನ ಮೇಲೆ ಕಾಗದವಿಟ್ಟು ಗೆರೆ ತೆಗೆದುಕೊಂಡು ಹೋಗಬಹುದು. ಶಿಮ್ಮಿನ ದಪ್ಪ ಬೇಕಿದ್ದರೆ ಅಪ್ಪ ಬರುವ ಚಳಿಗಾಲಕ್ಕೆ ಬರುತ್ತಾರೆ, ಅವರನ್ನೇ ಕೇಳಿ.